ತಾರಸಿಯ ಚಪ್ಪರಕ್ಕೆ ಬಳ್ಳಿ ಹಬ್ಬಿಸುವುದು: ಸೋರೆ, ಹೀರೆ, ಹಾಗಲಕ್ಕೆ ಕುಡಿ ಚಿವುಟುವ ಕ್ರಮ

ಮೊದಲ ಬಾರಿಗೆ ತಾರಸಿಯಲ್ಲಿ ಸೋರೆ, ಹೀರೆ ಅಥವಾ ಹಾಗಲದ ಬೀಜ ಹಾಕಿದವರು ಎರಡು ತಿಂಗಳ ಬಳಿಕ ಹೇಳುವ ದೂರು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಬಳ್ಳಿ ಸೊಂಪಾಗಿ ಹಬ್ಬಿದೆ, ಎಲೆ ಅಂಗೈಯಗಲ ಬಂದಿದೆ, ಹೂವೂ ದಿನಾ ಅರಳುತ್ತಿದೆ, ಕಾಯಿ ಮಾತ್ರ ಇಲ್ಲ. ಗೊಬ್ಬರ ಸಾಲದೇನೋ ಎಂದು ಇನ್ನೊಂದು ಬೊಗಸೆ ಹಾಕಿದರೆ ಬಳ್ಳಿ ಇನ್ನಷ್ಟು ಹಬ್ಬುತ್ತದೆ, ಕಾಯಿಯ ಸುಳಿವು ಆಗಲೂ ಇರುವುದಿಲ್ಲ. ಇಂಥ ಬಳ್ಳಿಗಳನ್ನು ಹತ್ತಿರದಿಂದ ನೋಡಿದಾಗ ತಪ್ಪು ಗೊಬ್ಬರದಲ್ಲಿರುವುದಕ್ಕಿಂತ ಕೆಲಸಗಳ ಅನುಕ್ರಮದಲ್ಲಿರುವುದೇ ಹೆಚ್ಚು: ಬಳ್ಳಿ ಬೆಳೆದ ಮೇಲೆ ಚಪ್ಪರ ಕಟ್ಟಿರುತ್ತಾರೆ, ಬುಡದಲ್ಲಿ ಒಡೆದ ಕವಲುಗಳನ್ನೆಲ್ಲ ಉಳಿಸಿಕೊಂಡಿರುತ್ತಾರೆ, ಚಿವುಟಬೇಕಾದ ಹೊತ್ತಿಗೆ ಸುಮ್ಮನಿದ್ದು ಚಿವುಟಬಾರದ ಹೊತ್ತಿಗೆ ಕೈ ಹಾಕಿರುತ್ತಾರೆ. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲಿಯೇ ಮಾಡಬೇಕು. ಮೂರನೆಯದನ್ನು ಬಿಟ್ಟು ನಾಲ್ಕನೆಯದಕ್ಕೆ ಹಾರಿದರೆ ಫಲ ಸಿಗುವುದಿಲ್ಲ.

## ಕೈ ಹಾಕುವ ಮೊದಲು ತಿಳಿದಿರಬೇಕಾದದ್ದು

ಬೀಜದಿಂದ ನೇರವಾಗಿ ಏಳುವ ಕಾಂಡವನ್ನು ಮೂಲ ಬಳ್ಳಿ ಎನ್ನೋಣ. ಅದರ ಎಲೆಗಳ ಕಂಕುಳಿನಲ್ಲಿ, ಅಂದರೆ ಎಲೆತೊಟ್ಟು ಕಾಂಡಕ್ಕೆ ಸೇರುವ ಮೂಲೆಯಲ್ಲಿ, ಒಡೆಯುವುದು ಮೊದಲ ಕವಲು, ಆ ಕವಲಿನ ಕಂಕುಳಿನಲ್ಲಿ ಒಡೆಯುವುದು ಎರಡನೆಯ ಕವಲು. ಈ ಬಳ್ಳಿಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆಯಾಗಿ ಒಂದೇ ಗಿಡದಲ್ಲಿ ಬಿಡುತ್ತವೆ. ಸೋರೆಯ ಮೂಲ ಬಳ್ಳಿಯಲ್ಲಿ ಬರುವುದು ಬಹುಪಾಲು ಗಂಡು ಹೂ. ಹೆಣ್ಣು ಹೂ ಹೆಚ್ಚಾಗಿ ಕಾಣಿಸುವುದು ಕವಲುಗಳಲ್ಲಿ, ಅದರಲ್ಲೂ ಕವಲಿನ ಕವಲಿನಲ್ಲಿ. ಹೀರೆ ಮತ್ತು ಹಾಗಲದಲ್ಲಿ ಈ ಭೇದ ಅಷ್ಟು ತೀಕ್ಷ್ಣವಾಗಿಲ್ಲ, ಮೂಲ ಬಳ್ಳಿಯಲ್ಲೂ ಹೆಣ್ಣು ಹೂ ಬರುತ್ತದೆ. ಆದರೂ ಕವಲು ಹೆಚ್ಚಿದಷ್ಟೂ ಹೂ ಬಿಡುವ ಗೆಣ್ಣುಗಳು ಹೆಚ್ಚುವುದರಿಂದ ಚಿವುಟುವುದು ಅವುಗಳಿಗೂ ಪ್ರಯೋಜನಕರ.

ಬಳ್ಳಿಯ ತುದಿಕುಡಿ ಇರುವವರೆಗೆ ಅದು ಕೆಳಗಿನ ಕಂಕುಳ ಚಿಗುರುಗಳನ್ನು ಹತ್ತಿಕ್ಕಿ ಇಟ್ಟಿರುತ್ತದೆ. ತುದಿಯಲ್ಲಿ ಉತ್ಪತ್ತಿಯಾಗಿ ಕೆಳಕ್ಕಿಳಿಯುವ ಆಕ್ಸಿನ್ ಎಂಬ ಚೋದಕ ಇದಕ್ಕೆ ಕಾರಣ. ತುದಿಯನ್ನು ಚಿವುಟಿದೊಡನೆ ಈ ಒತ್ತಡ ತಪ್ಪಿ, ನಾಲ್ಕಾರು ದಿನಗಳಲ್ಲಿ ಅದರ ಕೆಳಗಿನ ಎರಡು-ಮೂರು ಗೆಣ್ಣುಗಳಿಂದ ಕವಲು ಒಡೆಯುತ್ತದೆ. ಎಲ್ಲಿ ಚಿವುಟುತ್ತೇವೋ ಅಲ್ಲಿ ಕವಲು ಬರುತ್ತದೆ ಎಂದಾದ ಮೇಲೆ, ಕವಲು ಎಲ್ಲಿ ಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡಿರಬೇಕಾಗುತ್ತದೆ. ಅದು ಬೇಕಾಗಿರುವುದು ಚಪ್ಪರದ ಮೇಲೆ, ಬಿಸಿಲು ಬೀಳುವ ಕಡೆ. ಕುಂಡದಿಂದ ಚಪ್ಪರದವರೆಗಿನ ಆರು ಅಡಿ ಕಾಂಡವನ್ನು ಕಾಯಿ ಬಿಡುವ ಜಾಗವೆಂದು ಎಣಿಸದೆ ಬರಿಯ ದಾರಿಯೆಂದು ಎಣಿಸಿದರೆ ಮುಂದಿನ ಎಲ್ಲ ಹಂತಗಳೂ ಸುಲಭವಾಗಿ ಅರ್ಥವಾಗುತ್ತವೆ.

ನಾನು ಮೊದಲ ವರ್ಷ ಮಾಡಿದ್ದು ಇದರ ತದ್ವಿರುದ್ಧ. ನಾಲ್ಕು ಎಲೆ ಬಂದೊಡನೆ ಕುಡಿ ಚಿವುಟಬೇಕೆಂದು ಯಾರೋ ಹೇಳಿದ್ದನ್ನು ನಂಬಿ ಸೋರೆಯ ತಲೆಯನ್ನು ನೆಲಮಟ್ಟದಲ್ಲೇ ಮುರಿದೆ. ನಾಲ್ಕು ಕವಲುಗಳು ಕುಂಡದ ಬಾಯಿಯಲ್ಲೇ ಒಡೆದು, ಒಂದನ್ನೊಂದು ಹೆಣೆದುಕೊಂಡು, ಚಪ್ಪರ ಮುಟ್ಟುವ ಹೊತ್ತಿಗೆ ಬುಡದ ಎಲೆಗಳಿಗೆಲ್ಲ ಬೂದಿ ರೋಗ ಹತ್ತಿತ್ತು. ಹೊಲದ ನೆಲದಲ್ಲಿ, ಬೇರಿಗೆ ಮಿತಿಯಿಲ್ಲದ ಕಡೆ, ಬಳ್ಳಿಯನ್ನು ನೆಲದ ಮೇಲೇ ಹರಡುವವರಿಗೆ ಬೇಗ ಚಿವುಟುವುದು ಸರಿಹೋಗಬಹುದು. ಕುಂಡದಲ್ಲಿ ಬೆಳೆದು ಚಪ್ಪರ ಏರಬೇಕಾದ ಬಳ್ಳಿಗೆ ಅದು ಹೊಂದುವುದಿಲ್ಲ.

## ಬೇಕಾದ ಸಾಮಗ್ರಿ

ಸೋರೆಗೆ 18 ಅಂಗುಲ ಅಗಲ, 18 ಅಂಗುಲ ಎತ್ತರದ ಗ್ರೋ ಬ್ಯಾಗ್ ಅಥವಾ 200 ಲೀಟರಿನ ಡ್ರಮ್ಮನ್ನು ಅಡ್ಡಕ್ಕೆ ಕತ್ತರಿಸಿದ ಅರ್ಧ ಭಾಗ ಬೇಕು. ಹೀರೆಗೆ 15 ಅಂಗುಲದ್ದು ಸಾಕಾಗುತ್ತದೆ. ಹಾಗಲ 12 ಅಂಗುಲ ಅಗಲ, 15 ಅಂಗುಲ ಆಳದ ಚೀಲದಲ್ಲೂ ಬರುತ್ತದೆ. ಒಂದು ಚೀಲಕ್ಕೆ ಒಂದೇ ಗಿಡ. ಚೀಲ ದೊಡ್ಡದಿದೆಯಲ್ಲ ಎಂದು ಎರಡು ಬಳ್ಳಿ ಬಿಟ್ಟರೆ ಎರಡೂ ಅರೆಹೊಟ್ಟೆಯಲ್ಲಿ ಬೆಳೆಯುತ್ತವೆ. 18 ಅಂಗುಲದ ಚೀಲದಲ್ಲಿ ಸುಮಾರು 75 ಲೀಟರ್ ಮಣ್ಣು ಹಿಡಿಯುವುದರಿಂದ, ನೀರುಂಡ ಮೇಲೆ ಅದು ಒಬ್ಬ ಆಳಿನಷ್ಟು ತೂಗುತ್ತದೆ. ಅದನ್ನು ತಾರಸಿಯ ನಡುವೆ ಇಡದೆ ಕೆಳಗೆ ಗೋಡೆ ಅಥವಾ ತೊಲೆ ಇರುವ ಕಡೆಯೇ ಇಡಬೇಕು, ಮಣ್ಣು ತುಂಬುವ ಮೊದಲೇ ಜಾಗ ನಿಶ್ಚಯಿಸಬೇಕು.

ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇವು ಮೂರನ್ನೂ ಸಮಪಾಲು ಬೆರೆಸಿ, ಚೀಲಕ್ಕೆ ಎರಡು ಹಿಡಿ ಬೇವಿನ ಹಿಂಡಿ ಸೇರಿಸಬೇಕು. ಹಬ್ಬಿಸುವ ಕೆಲಸಕ್ಕೆ ಬಿದಿರು ಗಳು ಅಥವಾ ಜಿಐ ಪೈಪು, ಆರು ಅಂಗುಲ ಕಣ್ಣಿನ ಬಳ್ಳಿ ಬಲೆ, ಸೆಣಬಿನ ದಾರ, ಹಳೆಯ ಹತ್ತಿ ಬಟ್ಟೆಯ ಪಟ್ಟಿಗಳು ಅಥವಾ ನೆನೆಸಿದ ಬಾಳೆ ನಾರು, ಹರಿತವಾದ ಒಂದು ಕತ್ತರಿ, ಅದನ್ನು ಒರೆಸಲು ಸ್ವಲ್ಪ ಸ್ಪಿರಿಟ್, ಕಾಯಿಗೆ ಹೊದಿಸಲು ಹಳೆಯ ಪತ್ರಿಕೆ ಮತ್ತು ಸ್ಟೇಪ್ಲರ್ ಇಷ್ಟು ಸಾಕು. ತೆಳ್ಳನೆಯ ನೈಲಾನ್ ದಾರವನ್ನೂ ಕಟ್ಟುತಂತಿಯನ್ನೂ ಕಾಂಡದ ಹತ್ತಿರ ತರಲೇಬಾರದು. ಕಾಂಡ ದಪ್ಪವಾದಂತೆ ಅವು ಒಳಕ್ಕೆ ಕೊಯ್ಯುತ್ತವೆ.

ತಳಿಯ ವಿಷಯದಲ್ಲಿ ಹೊಸಬರಿಗೆ ಮುಕ್ತ ಪರಾಗದ (ಹೈಬ್ರಿಡ್ ಅಲ್ಲದ) ತಳಿಗಳೇ ಅನುಕೂಲ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿರುವ ಸೋರೆಯ ಅರ್ಕಾ ಬಹಾರ್, ಹೀರೆಯ ಅರ್ಕಾ ಸುಮೀತ್ ಮತ್ತು ಅರ್ಕಾ ಸುಜಾತ್, ಹಾಗಲದ ಅರ್ಕಾ ಹರಿತ್ ಇವು ಆ ಬಗೆಯವು. ಮುಂದಿನ ಸಲಕ್ಕೆ ಬೀಜವನ್ನೂ ಉಳಿಸಿಕೊಳ್ಳಬಹುದು.

## ಹಂತ 1: ಬೀಜಕ್ಕಿಂತ ಮೊದಲು ಚಪ್ಪರ

ಚಪ್ಪರ ಮುಗಿಯದೆ ಬೀಜ ನೆನೆಹಾಕಬಾರದು. ಸೋರೆಯ ಕುಡಿ ಹುರುಪಿನಲ್ಲಿರುವಾಗ ದಿನಕ್ಕೆ ಗೇಣುದ್ದದ ಹತ್ತಿರ ಬೆಳೆಯಬಲ್ಲದು. ಭಾನುವಾರ ಕಟ್ಟಿದರಾಯಿತು ಎಂದುಕೊಂಡರೆ ಅಷ್ಟರಲ್ಲಿ ಅದು ಪಕ್ಕದ ನೀರಿನ ಕೊಳವೆಯನ್ನೋ ಬಟ್ಟೆ ಒಣಗಿಸುವ ತಂತಿಯನ್ನೋ ಹಿಡಿದಿರುತ್ತದೆ. ಹಾಗೆ ಹಿಡಿದುಕೊಂಡ ಬಳ್ಳಿಯನ್ನು ಬಿಡಿಸುವಾಗ ಹತ್ತರಲ್ಲಿ ಆರು ಸಲ ಕಾಂಡ ಸೀಳುತ್ತದೆ.

ಒಂದು ಸೋರೆ ಬಳ್ಳಿಗೆ ಕನಿಷ್ಠ ಆರು ಅಡಿಗೆ ಆರು ಅಡಿ ಚಪ್ಪರ ಬೇಕು. ಅಷ್ಟೇ ಜಾಗದಲ್ಲಿ ಎರಡು ಹೀರೆ ಅಥವಾ ಮೂರು ಹಾಗಲ ಹಬ್ಬಿಸಬಹುದು. ಎತ್ತರ ಆರು ಅಡಿ ಮೀರಬಾರದು, ಏಕೆಂದರೆ ಚಿವುಟುವುದು, ಪರಾಗ ಮುಟ್ಟಿಸುವುದು, ಕಾಯಿಗೆ ಕಾಗದ ಹೊದಿಸುವುದು ಇವೆಲ್ಲವೂ ಏಣಿಯಿಲ್ಲದೆ ನಿಂತಲ್ಲೇ ಆಗಬೇಕು. ಏಣಿ ತರಬೇಕಾದ ಕೆಲಸ ಮೂರನೆಯ ದಿನಕ್ಕೆ ನಿಂತುಹೋಗುತ್ತದೆ.

ತಾರಸಿಗೆ ತೂತು ಕೊರೆದು ಕಂಬ ನಿಲ್ಲಿಸುವುದು ಮಳೆಗಾಲದಲ್ಲಿ ಸೋರಿಕೆಗೆ ಆಹ್ವಾನ. ಅದರ ಬದಲು 20 ಲೀಟರಿನ ಖಾಲಿ ಬಣ್ಣದ ಬಕೆಟ್ಟುಗಳಲ್ಲಿ ಕಂಬಗಳನ್ನು ನಿಲ್ಲಿಸಿ ಜಲ್ಲಿ ಸಿಮೆಂಟು ತುಂಬಿ, ಒಂದು ವಾರ ನೀರುಣಿಸಿ ಗಟ್ಟಿಯಾಗಲು ಬಿಡಬೇಕು. ಮೇಲೆ ನಾಲ್ಕೂ ಕಡೆ ಅಡ್ಡ ಗಳು ಕಟ್ಟಿ, ಮೂಲೆಯಿಂದ ಮೂಲೆಗೆ ಒಂದು ಓರೆ ಗಳುವನ್ನೂ ಬಿಗಿಯಬೇಕು. ಈ ಓರೆ ಗಳು ಇಲ್ಲದ ಚಪ್ಪರ ಆಷಾಢದ ಗಾಳಿಗೆ ಒಂದೇ ಕಡೆಗೆ ವಾಲುತ್ತದೆ. ಎಂಟು ಸೋರೆಕಾಯಿ ಒಟ್ಟಿಗೆ ತೂಗಿದರೆ ಹತ್ತು ಕಿಲೋ ಭಾರ, ಅದರ ಮೇಲೆ ಒದ್ದೆ ಎಲೆಗಳ ಭಾರ. ಆದ್ದರಿಂದ ಬಲೆಯನ್ನು ಡೋಲಿನ ಚರ್ಮದಂತೆ ಬಿಗಿದು ಕಟ್ಟಬೇಕು, ಕಟ್ಟಿದ ಮೇಲೆ ಒಂದು ಕೈಯಿಂದ ಜೋತುಬಿದ್ದಂತೆ ಎಳೆದು ಪರೀಕ್ಷಿಸಬೇಕು.

ಬಲೆಯ ಕಣ್ಣು ಆರು ಅಂಗುಲ ಇರಲಿ ಎಂದು ಹೇಳಿದ್ದಕ್ಕೆ ಕಾರಣವಿದೆ. ಸಣ್ಣ ಕಣ್ಣಿನ ಬಲೆಯಲ್ಲಿ ಎಳೆ ಕಾಯಿ ಅರ್ಧ ಮೇಲೆ, ಅರ್ಧ ಕೆಳಗೆ ಸಿಕ್ಕಿಕೊಂಡು ಸೊಂಟ ಕಟ್ಟಿದಂತೆ ಬೆಳೆಯುತ್ತದೆ. ಅದನ್ನು ತೆಗೆಯಲು ಕೊನೆಗೆ ಬಲೆಯನ್ನೇ ಕತ್ತರಿಸಬೇಕಾಗುತ್ತದೆ.

## ಹಂತ 2: ಬೀಜದಿಂದ ನಾಲ್ಕು ಎಲೆಯವರೆಗೆ

ಹಳೆ ಮೈಸೂರು ಭಾಗ ಮತ್ತು ಬಯಲುಸೀಮೆಯವರು ಜನವರಿ-ಫೆಬ್ರವರಿ ಅಥವಾ ಜೂನ್-ಜುಲೈಯಲ್ಲಿ ಬಿತ್ತಬಹುದು. ಕರಾವಳಿಯಲ್ಲಿ ಹೀರೆ, ಹಾಗಲ, ಪಡವಲ ಮೊದಲಿನಿಂದಲೂ ಮಳೆಗಾಲದ ತರಕಾರಿಗಳು. ಅಲ್ಲಿ ಮೊದಲ ಮಳೆ ಬಿದ್ದ ಕೂಡಲೇ ಬೀಜ ಹಾಕುವುದೇ ರೂಢಿ. ಕಡುಬೇಸಿಗೆಯಲ್ಲಿ ಹೂ ಬಿಡುವಂತೆ ಬಿತ್ತಿದರೆ ಗಂಡು ಹೂಗಳ ಪ್ರಮಾಣ ಹೆಚ್ಚುತ್ತದೆ ಎಂಬುದನ್ನು ಗಮನದಲ್ಲಿಟ್ಟುಕೊಳ್ಳಬೇಕು. ಶಾಖ ಮತ್ತು ಉದ್ದನೆಯ ಹಗಲು ಗಂಡು ಹೂವಿಗೂ, ತಂಪು ಮತ್ತು ಗಿಡ್ಡ ಹಗಲು ಹೆಣ್ಣು ಹೂವಿಗೂ ಅನುಕೂಲ.

ಸೋರೆ, ಹೀರೆ ಬೀಜವನ್ನು ಒಂದು ರಾತ್ರಿ, ಗಟ್ಟಿ ಸಿಪ್ಪೆಯ ಹಾಗಲವನ್ನು ಒಂದು ಹಗಲು ಒಂದು ರಾತ್ರಿ ನೆನೆಸಿ, ಒಂದು ಅಂಗುಲಕ್ಕಿಂತ ಆಳ ಹೋಗದಂತೆ ನೇರವಾಗಿ ಚೀಲದಲ್ಲೇ ಊರಬೇಕು. ಈ ಜಾತಿಯ ಬೇರುಗಳಿಗೆ ಅಲುಗಾಟ ಸಹಿಸದು. ಸಸಿ ಮಾಡಿ ನಾಟಿ ಮಾಡುವುದಾದರೆ ಮಣ್ಣಿನ ಮುದ್ದೆ ಒಡೆಯದ ಕಾಗದದ ಲೋಟವೇ ಬೇಕು. ಮೂರು ಬೀಜ ಊರಿ, ಎರಡು ನಿಜವಾದ ಎಲೆ ಬಂದ ಮೇಲೆ ಗಟ್ಟಿಯಾದ ಒಂದನ್ನು ಉಳಿಸಿ ಉಳಿದೆರಡನ್ನು ಕತ್ತರಿಯಿಂದ ಮಣ್ಣಿನ ಮಟ್ಟಕ್ಕೆ ಕತ್ತರಿಸಬೇಕು. ಕಿತ್ತರೆ ಉಳಿಸಿಕೊಂಡ ಗಿಡದ ಬೇರೂ ಸಡಿಲವಾಗುತ್ತದೆ.

## ಹಂತ 3: ಚಪ್ಪರದವರೆಗೆ ಒಂದೇ ಕಾಂಡ

ಗಿಡ ಗೇಣುದ್ದ ಆಗಿ, ಸುರುಳಿ ಸುತ್ತುವ ಮೊದಲ ತಂತು ಕಂಡ ದಿನವೇ ಆಸರೆ ಕೊಡಬೇಕು. ಚಪ್ಪರದ ಅಡ್ಡ ಗಳುವಿನಿಂದ ಸೆಣಬಿನ ದಾರವನ್ನು ಇಳಿಬಿಟ್ಟು, ಕೆಳತುದಿಯನ್ನು ಚೀಲದಲ್ಲಿ ನೆಟ್ಟ ಸಣ್ಣ ಗೂಟಕ್ಕೆ ಕಟ್ಟಬೇಕು. ಗಿಡದ ಬುಡಕ್ಕೆ ಕಟ್ಟಿದರೆ ಗಾಳಿಗೆ ಚಪ್ಪರ ಅಲುಗಿದಾಗ ಬೇರೇ ಮೇಲಕ್ಕೆ ಬರುತ್ತದೆ. ಪ್ರತಿ ಒಂದು ಅಡಿಗೆ ಬಟ್ಟೆಯ ಪಟ್ಟಿಯಿಂದ ಎಂಟರ ಅಂಕಿಯಾಕಾರದ ಕಟ್ಟು ಹಾಕಬೇಕು: ಒಂದು ಸುತ್ತು ದಾರಕ್ಕೆ, ಇನ್ನೊಂದು ಸುತ್ತು ಕಾಂಡಕ್ಕೆ, ಗಂಟು ದಾರದ ಕಡೆಗೆ. ಕಾಂಡದ ಸುತ್ತಿನಲ್ಲಿ ಕಿರುಬೆರಳು ಸಲೀಸಾಗಿ ತೂರುವಷ್ಟು ಸಡಿಲವಿರಬೇಕು.

ಇನ್ನು ಈ ಹಂತದ ಮುಖ್ಯ ಕೆಲಸ. ಕಾಂಡ ಮೇಲೇರುತ್ತಿದ್ದಂತೆ ಪ್ರತಿ ಎಲೆಯ ಕಂಕುಳಿನಲ್ಲಿ ಚಿಗುರು ಮೂಡುತ್ತದೆ. ಅದು ಒಂದೆರಡು ಅಂಗುಲ ಇರುವಾಗಲೇ ಹೆಬ್ಬೆರಳು, ತೋರುಬೆರಳಿನ ಉಗುರಿನಿಂದ ಚಿವುಟಿ ತೆಗೆಯಬೇಕು. ಬೆಳಗಿನ ಇಬ್ಬನಿ ಆರಿದ ಮೇಲೆ, ಮೋಡವಿಲ್ಲದ ದಿನ ಈ ಕೆಲಸ ಮಾಡಿದರೆ ಗಾಯ ಅಂದೇ ಒಣಗುತ್ತದೆ. ಮಳೆಯಲ್ಲಿ, ಒದ್ದೆ ಎಲೆಯಲ್ಲಿ ಚಿವುಟಿದರೆ ಆ ಗಾಯದಿಂದಲೇ ಕೊಳೆ ಶುರುವಾಗುತ್ತದೆ.

ಹೊಸಬರು ತಪ್ಪುವುದು ಯಾವುದನ್ನು ಚಿವುಟಬೇಕು ಎಂಬಲ್ಲಿ. ಒಂದೇ ಕಂಕುಳಿನಲ್ಲಿ ಎಲೆತೊಟ್ಟು, ಸುರುಳಿ ತಂತು, ಹೂಮೊಗ್ಗು, ಕವಲ ಚಿಗುರು ನಾಲ್ಕೂ ಇರಬಹುದು. ತಂತು ಎಲೆಯಿಲ್ಲದ ದಾರದಂತಿರುತ್ತದೆ. ಮೊಗ್ಗಿನ ತುದಿ ಮುಚ್ಚಿದ ಉಂಡೆಯಂತಿರುತ್ತದೆ. ಚಿಗುರಿನ ತುದಿಯಲ್ಲಿ ಮಾತ್ರ ಮಡಿಚಿಕೊಂಡ ಪುಟ್ಟ ಎಲೆಗಳು, ರೋಮ ತುಂಬಿ ಬೆಳ್ಳಗೆ ಕಾಣುತ್ತವೆ. ಅನುಮಾನವಿದ್ದರೆ ಎರಡು ದಿನ ಕಾಯುವುದೇ ಮೇಲು. ಚಿಗುರು ಅಷ್ಟರಲ್ಲಿ ತಾನೇ ಗುರುತು ಕೊಡುತ್ತದೆ. ಕಂಕುಳ ಚಿಗುರೆಂದು ತಿಳಿದು ತುದಿಕುಡಿಯನ್ನೇ ಮುರಿದುಬಿಟ್ಟಿದ್ದರೆ ಗಾಬರಿಯಾಗಬೇಕಿಲ್ಲ: ತೀರ ಮೇಲಿನ ಗೆಣ್ಣಿನಲ್ಲಿ ಒಡೆಯುವ ಮೊದಲ ಚಿಗುರನ್ನು ಉಳಿಸಿ ಅದನ್ನೇ ಹೊಸ ಮೂಲ ಬಳ್ಳಿಯಾಗಿ ದಾರಕ್ಕೆ ಕಟ್ಟಿದರೆ, ಒಂದು ವಾರ ತಡವಾಗುವುದನ್ನು ಬಿಟ್ಟರೆ ಬೇರೆ ನಷ್ಟವಿಲ್ಲ.

ಚಿಗುರನ್ನು ತೆಗೆಯಬೇಕು, ಎಲೆಯನ್ನಲ್ಲ. ಈ ಹಂತದಲ್ಲಿ ಬೇರನ್ನು ಬೆಳೆಸುತ್ತಿರುವುದು ಆ ಆರು ಅಡಿಯ ಎಲೆಗಳೇ. ಕಾಂಡವನ್ನು ಬೋಳು ಮಾಡಿ ಕೋಲಿನಂತೆ ನಿಲ್ಲಿಸಿದವರ ಬಳ್ಳಿ ಚಪ್ಪರ ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. ಮೂಲ ಬಳ್ಳಿಯಲ್ಲಿ ಚಪ್ಪರದ ಕೆಳಗೇ ಹೀರೆ ಅಥವಾ ಹಾಗಲದ ಹೆಣ್ಣು ಹೂ ಕಂಡರೆ ಮೊದಲ ಒಂದೆರಡನ್ನು ತೆಗೆದುಬಿಡುವುದು ಒಳ್ಳೆಯದು. ಮೊದಲ ಕಾಯಿಯ ಆಸೆ ಬಿಡುವುದು ಕಷ್ಟ ಎಂಬುದು ನನಗೂ ಗೊತ್ತಿದೆ. ಆದರೆ ಎಳೆ ಬಳ್ಳಿಯ ಶಕ್ತಿಯನ್ನೆಲ್ಲ ಆ ಒಂದು ಕಾಯಿ ಎಳೆದುಕೊಂಡರೆ ಮೇಲಿನ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ.

## ಹಂತ 4: ಮೊದಲ ಚಿವುಟು

ಕುಡಿ ಚಪ್ಪರದ ಬಲೆಯನ್ನು ದಾಟಿ ಒಂದು ಗೇಣು ಮೇಲೆ ಬಂದಾಗ, ಅದರ ತಂತು ಬಲೆಯನ್ನು ಹಿಡಿದುಕೊಂಡಿದೆ ಎಂದು ಖಚಿತಪಡಿಸಿಕೊಂಡು, ತುದಿಯ ಒಂದು ಅಂಗುಲವನ್ನು ಮಾತ್ರ ಚಿವುಟಬೇಕು. ಬಿತ್ತಿದ ದಿನದಿಂದ ಲೆಕ್ಕ ಹಾಕಿದರೆ ಇದು ಸುಮಾರು 35ರಿಂದ 45ನೆಯ ದಿನಕ್ಕೆ ಬರುತ್ತದೆ. ದಿನದ ಲೆಕ್ಕಕ್ಕಿಂತ ಕಾಂಡದ ದಪ್ಪವನ್ನು ನಂಬುವುದು ವಾಸಿ: ಸೋರೆಯ ಬುಡ ಕಿರುಬೆರಳಿನಷ್ಟು ದಪ್ಪವಾಗಿರದಿದ್ದರೆ ಚಿವುಟುವುದನ್ನು ಒಂದು ವಾರ ಮುಂದೂಡಿ, ಒಂದು ಸಲ ಗೊಬ್ಬರ ಕೊಟ್ಟು, ಆಮೇಲೆ ಮುಂದುವರಿಯಬೇಕು.

ಉಗುರಿಗೆ ಬಗ್ಗದಷ್ಟು ಕೆಳಗೆ, ಬಲಿತ ಕಾಂಡದಲ್ಲಿ ಕತ್ತರಿಸಬೇಕಾದ ಸ್ಥಿತಿ ಬಂದರೆ ಕತ್ತರಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿಕೊಳ್ಳಬೇಕು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗಲೂ ಒರೆಸಬೇಕು. ಮೊಸಾಯಿಕ್ ನಂಜಿನಂಥ (ವೈರಸ್) ರೋಗಗಳಲ್ಲಿ ಕೆಲವು ಗಿಡದ ರಸದ ಮೂಲಕವೇ ದಾಟುತ್ತವೆ, ಆ ರಸ ಕತ್ತರಿಗೂ ಬೆರಳಿಗೂ ಅಂಟಿರುತ್ತದೆ.

ಚಿವುಟಿದ ದಿನ ಗೊಬ್ಬರ, ಸಿಂಪಡಣೆ ಯಾವುದೂ ಬೇಡ. ನೀರು ಎಂದಿನಂತೆ ಸಾಕು.

## ಹಂತ 5: ಕವಲುಗಳನ್ನು ಹರಡುವುದು, ಎರಡನೆಯ ಚಿವುಟು

ವಾರದೊಳಗೆ ಮೇಲಿನ ಗೆಣ್ಣುಗಳಿಂದ ಕವಲುಗಳು ಹೊರಡುತ್ತವೆ. ಸೋರೆಗೆ ಮೂರು, ಹೀರೆಗೆ ಮೂರು, ಹಾಗಲಕ್ಕೆ ನಾಲ್ಕು ಕವಲು ಉಳಿಸಿ, ಮಿಕ್ಕದ್ದನ್ನು ತೆಗೆಯಬೇಕು. ಉಳಿಸಿದವನ್ನು ಗಾಡಿಯ ಚಕ್ರದ ಅರಗಳಂತೆ ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಬಲೆಗೆ ಸಡಿಲವಾಗಿ ಕಟ್ಟಬೇಕು. ಬಳ್ಳಿಯನ್ನು ಅದರ ಪಾಡಿಗೆ ಬಿಟ್ಟರೆ ಅದು ಬಿಸಿಲು ಹೆಚ್ಚಿರುವ ಒಂದೇ ಮೂಲೆಗೆ ರಾಶಿ ಬೀಳುತ್ತದೆ. ಅಲ್ಲಿ ಎಲೆಯ ಮೇಲೆ ಎಲೆ ಬಿದ್ದು ಒಳಗೆ ಗಾಳಿಯಾಡದೆ ಬೂದಿ ರೋಗಕ್ಕೆ ಮನೆಯಾಗುತ್ತದೆ.

ಕವಲಿನ ದಿಕ್ಕು ಬದಲಿಸುವುದನ್ನು ಮಧ್ಯಾಹ್ನದ ಮೇಲೆಯೇ ಮಾಡಬೇಕು. ಬೆಳಿಗ್ಗೆ ನೀರು ತುಂಬಿಕೊಂಡ ಕಾಂಡ ಸೌತೆಕಾಯಿಯಂತೆ ಲಟಕ್ಕೆಂದು ಮುರಿಯುತ್ತದೆ. ಬಿಸಿಲಿಗೆ ಸ್ವಲ್ಪ ಬಾಡಿದ ಮೇಲೆ ಅದೇ ಕಾಂಡ ದಾರದಂತೆ ಬಾಗುತ್ತದೆ. ಒಂದೇ ದಿನ ಪೂರ್ತಿ ತಿರುಗಿಸದೆ, ಇಂದು ಸ್ವಲ್ಪ ಬಾಗಿಸಿ ಕಟ್ಟಿ, ಎರಡು ದಿನ ಬಿಟ್ಟು ಇನ್ನಷ್ಟು ಬಾಗಿಸಬೇಕು. ಬಾಗಿಸುವಾಗ ಕಾಂಡ ಅರ್ಧ ಸೀಳಿದರೆ ಕೂಡಲೇ ಎರಡೂ ಭಾಗ ಸೇರಿಸಿ ಬಟ್ಟೆಯ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಆ ಭಾಗಕ್ಕೆ ಭಾರ ಬೀಳದಂತೆ ಬಲೆಗೆ ಕಟ್ಟಿದರೆ ಎಷ್ಟೋ ಸಲ ಕೂಡಿಕೊಳ್ಳುತ್ತದೆ.

ಪ್ರತಿ ಕವಲಿನಲ್ಲಿ ಹತ್ತು-ಹನ್ನೆರಡು ಎಲೆ ಬಂದಾಗ ಅದರ ತುದಿಯನ್ನೂ ಚಿವುಟಬೇಕು. ಸೋರೆಗೆ ಇದು ಕಡ್ಡಾಯವೆಂದೇ ಹೇಳುತ್ತೇನೆ, ಏಕೆಂದರೆ ಇದರಿಂದ ಒಡೆಯುವ ಎರಡನೆಯ ಕವಲಿನಲ್ಲಿ ಮೊದಲ ಕೆಲವು ಗೆಣ್ಣುಗಳಲ್ಲೇ ಹೆಣ್ಣು ಹೂ ಕಾಣಿಸತೊಡಗುತ್ತದೆ. ಹೀರೆಗೆ ಚಪ್ಪರದಲ್ಲಿ ಜಾಗವಿದ್ದರೆ ಎರಡನೆಯ ಚಿವುಟನ್ನು ಬಿಡಬಹುದು. ಹಾಗಲ ತಾನಾಗಿಯೇ ಧಾರಾಳವಾಗಿ ಕವಲೊಡೆಯುವ ಬಳ್ಳಿ. ಅದರಲ್ಲಿ ಚಿವುಟುವುದಕ್ಕಿಂತ ಹೆಚ್ಚಾದ ತೆಳು ಕವಲುಗಳನ್ನು ತೆಗೆದು ಒಳಗೆ ಬೆಳಕು ಬಿಡುವುದೇ ಮುಖ್ಯ ಕೆಲಸವಾಗುತ್ತದೆ.

ಮೂರನೆಯ ಸಲ, ನಾಲ್ಕನೆಯ ಸಲ ಚಿವುಟುತ್ತ ಹೋಗುವ ಉತ್ಸಾಹ ಕೆಲವರಿಗಿರುತ್ತದೆ. ಕುಂಡದ ಬೇರು ಹೊರಲಾರದಷ್ಟು ಕವಲು ಮಾಡಿದರೆ ಹೆಣ್ಣು ಹೂ ಬಂದರೂ ಕಾಯಿ ನಿಲ್ಲುವುದಿಲ್ಲ.

ಗೊಬ್ಬರದ ಸ್ವರೂಪ ಬದಲಾಗಬೇಕಾದದ್ದೂ ಇಲ್ಲಿಯೇ. ಚಪ್ಪರ ಮುಟ್ಟುವವರೆಗೆ ಸಗಣಿ ತಿಳಿ ಅಥವಾ ಒಂದಕ್ಕೆ ಹತ್ತು ನೀರು ಬೆರೆಸಿದ ಜೀವಾಮೃತವನ್ನು (ಸಗಣಿ, ಗಂಜಲ, ಬೆಲ್ಲ ಮುಂತಾದವನ್ನು ಹುದುಗಿಸಿದ ದ್ರವ) ವಾರಕ್ಕೊಮ್ಮೆ ಕೊಟ್ಟಿದ್ದರೆ, ಕವಲು ಹರಡಿದ ಮೇಲೆ ಸಾರಜನಕ ಹೆಚ್ಚಿರುವ ಗೊಬ್ಬರವನ್ನು ತಗ್ಗಿಸಿ, ಹದಿನೈದು ದಿನಕ್ಕೊಮ್ಮೆ ಎರಡು ಹಿಡಿ ಎರೆಗೊಬ್ಬರ ಮತ್ತು ಪೊಟ್ಯಾಷಿಗಾಗಿ ಅರ್ಧ ಹಿಡಿ ಕಟ್ಟಿಗೆ ಬೂದಿಯನ್ನು ಬುಡದಿಂದ ಒಂದು ಗೇಣು ದೂರ ಹಾಕಿ ಮಣ್ಣು ಮುಚ್ಚಬೇಕು. ಹೂ ಬಿಡದ ಬಳ್ಳಿಗೆ ಯೂರಿಯಾ ಹಾಕುವುದು ಈ ಬೆಳೆಯಲ್ಲಿ ಮಾಡಬಹುದಾದ ಅತ್ಯಂತ ಸಾಮಾನ್ಯ ತಪ್ಪು.

## ಹಂತ 6: ಹೂ ಗುರುತಿಸುವುದು, ಪರಾಗ ಮುಟ್ಟಿಸುವುದು

ಹೆಣ್ಣು ಹೂವಿನ ಕೆಳಗೆ, ತೊಟ್ಟು ಮತ್ತು ಎಸಳಿನ ನಡುವೆ, ಆಯಾ ಕಾಯಿಯ ಪುಟ್ಟ ರೂಪ ಅರಳುವ ಮೊದಲೇ ಇರುತ್ತದೆ. ಗಂಡು ಹೂವಿಗೆ ಬರಿಯ ತೊಟ್ಟು. ಹೀರೆಯಲ್ಲಿ ಗಂಡು ಹೂಗಳು ಒಂದೇ ಉದ್ದ ದಂಟಿನಲ್ಲಿ ಗೊಂಚಲಾಗಿ, ಹೆಣ್ಣು ಹೂ ಒಂಟಿಯಾಗಿ ಬರುತ್ತದೆ. ಮೊದಲ ಹತ್ತು-ಹದಿನೈದು ದಿನ ಬರಿಯ ಗಂಡು ಹೂ ಬಿಟ್ಟು ಉದುರುವುದು ರೋಗವಲ್ಲ, ಸಹಜ ಕ್ರಮ. ಈ ದಿನಗಳಲ್ಲಿ ತಾಳ್ಮೆ ಕಳೆದುಕೊಂಡು ಹಾರ್ಮೋನು ಸಿಂಪಡಿಸುವುದು ಬೇಡ.

ಹೆಣ್ಣು ಹೂ ಬಂದೂ ಕಾಯಿ ಹಳದಿಯಾಗಿ ಉದುರಿದರೆ ಪರಾಗ ಮುಟ್ಟಿಲ್ಲ ಎಂದು ಅರ್ಥ. ಮೂರು-ನಾಲ್ಕನೆಯ ಮಹಡಿಯ ತಾರಸಿಗೆ ಜೇನ್ನೊಣ ಬರುವುದು ಕಡಿಮೆ, ಸಂಜೆ ಅರಳುವ ಹೂವಿಗಂತೂ ಬರುವುದೇ ಅಪರೂಪ. ಕೈಯಿಂದ ಮುಟ್ಟಿಸುವವರು ಅನೇಕರು ವಿಫಲರಾಗುವುದು ಹೊತ್ತಿನ ತಪ್ಪಿನಿಂದ. ಸೋರೆಯ ಬಿಳಿ ಹೂವೂ ಹೀರೆಯ ಹಳದಿ ಹೂವೂ ಸಂಜೆ ಅರಳುತ್ತವೆ. ಅವನ್ನು ಸಂಜೆ ಐದೂವರೆಯಿಂದ ಏಳೂವರೆಯೊಳಗೆ ಮುಟ್ಟಿಸಬೇಕು. ಹಾಗಲ ಮತ್ತು ತುಪ್ಪದ ಹೀರೆ ಬೆಳಗಿನ ಜಾವ ಅರಳುವುದರಿಂದ ಒಂಬತ್ತು ಗಂಟೆಯೊಳಗೆ ಮುಗಿಸಬೇಕು. ಸೋರೆ ಹೂವನ್ನು ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ಮುಟ್ಟಿಸಿ ಫಲಕ್ಕೆ ಕಾದರೆ ಫಲ ಬರುವುದಿಲ್ಲ.

ಕ್ರಮ ಹೀಗೆ. ಆಗತಾನೇ ಅರಳಿದ ಗಂಡು ಹೂವನ್ನು ತೊಟ್ಟಿನ ಸಮೇತ ಕಿತ್ತು, ಎಸಳುಗಳನ್ನು ಹಿಂದಕ್ಕೆ ಮಡಿಚಿ ಅಥವಾ ಹರಿದು, ನಡುವಿನ ಪರಾಗದ ಭಾಗವನ್ನು ಬೆರಳಿಗೆ ಸೋಕಿಸಿ ನೋಡಬೇಕು. ಹಳದಿ ಪುಡಿ ಅಂಟಿದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಹೆಣ್ಣು ಹೂವಿನ ನಡುವೆ ಮೂರು ಹೋಳಾಗಿ ಕಾಣುವ ಅಂಟಾದ ಭಾಗಕ್ಕೆ ಎಲ್ಲ ಕಡೆಯೂ ತಾಗುವಂತೆ ಅದನ್ನು ಮೆಲ್ಲಗೆ ಒರೆಸಬೇಕು. ಒಂದೇ ಕಡೆ ತಾಗಿದರೆ ಕಾಯಿ ಒಂದು ಬದಿ ಸೊಟ್ಟಗೆ ಬೆಳೆಯುತ್ತದೆ. ಮೂರು ದಿನದಲ್ಲಿ ಕಾಯಿ ಕೆಳಕ್ಕೆ ಬಾಗಿ ಉಬ್ಬಿದ್ದರೆ ಕಾಯಿ ಕಚ್ಚಿದೆ.

## ಹಂತ 7: ಕಾಯಿಯನ್ನು ಕಾಪಾಡುವುದು

ಕಾಯಿ ಕಚ್ಚಿದ ಮೇಲಿನ ದೊಡ್ಡ ಶತ್ರು ಹಣ್ಣು ನೊಣ. ಅದು ಎಳೆ ಕಾಯಿಯ ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ; ಚುಚ್ಚಿದ ಜಾಗದಿಂದ ಗೋಂದಿನಂಥ ಹನಿ ಒಸರುತ್ತದೆ, ಕಾಯಿ ಅಲ್ಲಿಂದ ಸೊಟ್ಟಗಾಗಿ ಕೊಳೆಯುತ್ತದೆ. ಪರಾಗ ಮುಟ್ಟಿಸಿ ಮೂರನೆಯ ದಿನ, ಕಾಯಿ ಹೆಬ್ಬೆರಳಿನಷ್ಟಾದಾಗ, ಪತ್ರಿಕೆಯ ಹಾಳೆಯನ್ನು ಎರಡೂ ಕಡೆ ತೆರೆದ ಸಡಿಲ ಕೊಳವೆಯಾಗಿ ಸುತ್ತಿ, ಮೇಲ್ತುದಿಯನ್ನು ತೊಟ್ಟಿನ ಸುತ್ತ ಒತ್ತಿ ಸ್ಟೇಪಲ್ ಹಾಕಿ, ಕೆಳತುದಿಯನ್ನು ಮಡಿಚಬೇಕು. ಹೂ ಅರಳುವ ಮೊದಲೇ ಹೊದಿಸಿದರೆ ಪರಾಗ ತಪ್ಪುತ್ತದೆ, ಕಾಯಿ ಗೇಣುದ್ದ ಆದ ಮೇಲೆ ಹೊದಿಸಿದರೆ ನೊಣ ಆಗಲೇ ಬಂದು ಹೋಗಿರುತ್ತದೆ. ಚುಚ್ಚಿಸಿಕೊಂಡು ಬಿದ್ದ ಕಾಯಿಗಳನ್ನು ಕಾಂಪೋಸ್ಟ್ ಗುಂಡಿಗೆ ಎಸೆಯದೆ, ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಬಿಸಿಲಿಗೆ ಇಟ್ಟು ಹುಳುಗಳನ್ನು ಕೊಲ್ಲಬೇಕು. ನೊಣವನ್ನು ವಾಸನೆಯಿಂದ ಸೆಳೆಯುವ ಕ್ಯೂ ಲ್ಯೂರ್ ಎಂಬ ಆಕರ್ಷಕ ಇಟ್ಟ ಬಲೆ ಡಬ್ಬಿಯನ್ನು ಚಪ್ಪರದ ಹತ್ತಿರ ತೂಗುಹಾಕುವುದೂ ನೆರವಾಗುತ್ತದೆ. ಅದು ಸೆಳೆಯುವುದು ಗಂಡು ನೊಣಗಳನ್ನು ಮಾತ್ರವಾದ್ದರಿಂದ ಕಾಗದದ ಹೊದಿಕೆ ಇದ್ದೇ ಇರಬೇಕು.

ದಿನಕ್ಕೊಮ್ಮೆ ಚಪ್ಪರದ ಕೆಳಗೆ ನಿಂತು ಮೇಲೆ ನೋಡಿ, ಬಲೆಯ ಮೇಲೆ ಮಲಗಿರುವ ಎಳೆ ಕಾಯಿಗಳನ್ನು ಕಣ್ಣಿನ ಮೂಲಕ ಕೆಳಕ್ಕೆ ಇಳಿಬಿಡಬೇಕು. ಇದೇ ಚಪ್ಪರದಲ್ಲಿ ಪಡವಲ ಹಬ್ಬಿಸಿದವರು ಕಾಯಿ ಬೆರಳುದ್ದ ಆದಾಗ ಅದರ ತುದಿಗೆ ಅಡಿಕೆ ಗಾತ್ರದ ಕಲ್ಲನ್ನು ದಾರದಲ್ಲಿ ಕಟ್ಟಿ ಇಳಿಬಿಟ್ಟರೆ ಅದು ಸುರುಳಿಯಾಗದೆ ನೇರ ಬೆಳೆಯುತ್ತದೆ. ದೊಡ್ಡ ಕಲ್ಲು ಕಟ್ಟಿದರೆ ಕಾಯಿ ತೊಟ್ಟು ಬಿಟ್ಟು ಕಲ್ಲಿನ ಸಮೇತ ಕೆಳಗೆ ಬೀಳುತ್ತದೆ.

## ಹಂತ 8: ಎಲೆ ತೆಗೆಯುವುದು, ಕೊಯ್ಯುವುದು, ಮತ್ತೆ ಚಿಗುರಿಸುವುದು

ಮೊದಲ ಕಾಯಿಗಳು ನಿಂತ ಮೇಲೆ ಬುಡದ ಎರಡು ಅಡಿಯ ಹಳೆಯ, ಹಳದಿಯಾದ ಎಲೆಗಳನ್ನು ತೆಗೆಯಬಹುದು. ಒಂದು ಸಲಕ್ಕೆ ಮೂರು-ನಾಲ್ಕು ಎಲೆಗಿಂತ ಹೆಚ್ಚು ಬೇಡ, ಚಪ್ಪರದ ಮೇಲಿನ ಹಸಿರು ಎಲೆಗಳನ್ನು ಕಾಯಿಗೆ ಬಿಸಿಲು ಬೀಳಲೆಂದು ತೆಗೆಯುವುದಂತೂ ಬೇಡವೇ ಬೇಡ. ಕಾಯಿಗೆ ಬಿಸಿಲು ಬೇಕಿಲ್ಲ, ಎಲೆಗೆ ಬೇಕು.

ಹೀರೆಯನ್ನು ಕಾಯಿ ಕಚ್ಚಿದ ಏಳೆಂಟು ದಿನಕ್ಕೆ, ಸೋರೆ ಮತ್ತು ಹಾಗಲವನ್ನು ಹನ್ನೆರಡರಿಂದ ಹದಿನೈದು ದಿನಕ್ಕೆ ಕೊಯ್ಯಬೇಕು. ಸೋರೆಯ ಸಿಪ್ಪೆಗೆ ಉಗುರು ಸುಲಭವಾಗಿ ಇಳಿಯುವವರೆಗೆ ಅದು ಎಳೆಯದು. ಬೀಜಕ್ಕೆಂದು ಒಂದು ಕಾಯಿ ಬಿಡುವುದಾದರೆ ಅದನ್ನು ಕೊನೆಯ ಸುತ್ತಿನಲ್ಲಿ ಬಿಡಬೇಕು. ಬಳ್ಳಿಯಲ್ಲಿ ಒಂದು ಕಾಯಿ ಬಲಿಯತೊಡಗಿದರೆ ಹೊಸ ಕಾಯಿ ನಿಲ್ಲುವುದು ಕಡಿಮೆಯಾಗುತ್ತದೆ. ತೊಟ್ಟನ್ನು ಕತ್ತರಿಯಿಂದ ಕತ್ತರಿಸಬೇಕು, ತಿರುಚಿ ಎಳೆದರೆ ಕವಲೇ ಬಲೆಯಿಂದ ಕಳಚಿ ಬರುತ್ತದೆ.

ಕೊಯ್ದ ಸೋರೆಯ ಚೂರೊಂದನ್ನು ಅಡುಗೆಗೆ ಮೊದಲು ನಾಲಿಗೆಗೆ ಮುಟ್ಟಿಸಿ ನೋಡಿ ಉಗುಳಬೇಕು. ಕಹಿಯಿದ್ದರೆ ಇಡೀ ಕಾಯಿಯನ್ನು ಎಸೆಯಬೇಕು, ರಸ ಮಾಡಿ ಕುಡಿಯುವುದಂತೂ ಅಪಾಯ. ಕಹಿ ಸೋರೆಯಲ್ಲಿರುವ ಕುಕುರ್ಬಿಟಾಸಿನ್ ಎಂಬ ವಿಷವಸ್ತು ಬೇಯಿಸಿದರೂ ಹೋಗುವುದಿಲ್ಲ. ಅದರಿಂದ ತೀವ್ರ ವಾಂತಿ, ರಕ್ತಭೇದಿ ಆಗಿ ಜೀವಕ್ಕೆ ಎರವಾದ ಪ್ರಕರಣಗಳು ನಮ್ಮ ದೇಶದಲ್ಲೇ ನಡೆದಿವೆ. ಮನೆಯಲ್ಲಿ ಬೆಳೆದದ್ದು ಎಂಬ ಭರವಸೆ ಇಲ್ಲಿ ನೆರವಿಗೆ ಬರುವುದಿಲ್ಲ.

ಮೊದಲ ಸುತ್ತಿನ ಕೊಯ್ಲು ತಗ್ಗಿದ ಮೇಲೆ, ಬೇರು ಮತ್ತು ಮೂಲ ಕಾಂಡ ಗಟ್ಟಿಯಾಗಿದ್ದರೆ, ಕಾಯಿ ಬಿಟ್ಟ ಹಳೆಯ ಕವಲುಗಳನ್ನು ಎರಡು-ಮೂರು ಗೆಣ್ಣು ಉಳಿಸಿ ಕತ್ತರಿಸಿ, ಚೀಲದ ಮೇಲ್ಮಣ್ಣು ಎರಡು ಅಂಗುಲ ತೆಗೆದು ಹೊಸ ಎರೆಗೊಬ್ಬರ ತುಂಬಿದರೆ ಇನ್ನೊಂದು ಸುತ್ತು ಚಿಗುರುತ್ತದೆ. ಹಾಗಲದಲ್ಲಿ ಇದು ಚೆನ್ನಾಗಿ ಫಲಿಸುತ್ತದೆ. ಸೋರೆಯಲ್ಲಿ ಹೊಸ ಬೀಜ ಹಾಕುವುದೇ ಸುಲಭ.

## ಎಚ್ಚರಿಕೆಯ ಗುರುತುಗಳು

ಮಧ್ಯಾಹ್ನ ಎಲೆ ಬಾಡಿ ಸಂಜೆಗೆ ನೆಟ್ಟಗಾದರೆ ಅದು ಬಿಸಿಲಿನ ಪರಿಣಾಮ, ಚಿಂತೆಯಿಲ್ಲ. ಬೆಳಿಗ್ಗೆ ಆರು ಗಂಟೆಗೇ ಬಾಡಿದ್ದರೆ ಬೇರಿಗೆ ಪೆಟ್ಟಾಗಿದೆ. ನೀರು ಹಾಕುವ ಮೊದಲು ಮಣ್ಣಿಗೆ ಬೆರಳಿಟ್ಟು ನೋಡಿ, ಒದ್ದೆಯಿದ್ದರೆ ನೀರು ನಿಲ್ಲಿಸಿ ಚೀಲದ ತಳದ ತೂತುಗಳು ಮುಚ್ಚಿವೆಯೇ ಎಂದು ಪರೀಕ್ಷಿಸಬೇಕು.

ಎಲೆಯ ಮೇಲೆ ಬಿಳಿ ಗೆರೆಗಳ ಚಿತ್ತಾರ ಕಂಡರೆ ಅದು ರಂಗೋಲಿ ಹುಳು. ಆ ಎಲೆಯನ್ನು ಕಿತ್ತು ನಾಶಮಾಡಿದರೆ ಸಾಕು. ಹಿಟ್ಟು ಚೆಲ್ಲಿದಂತೆ ಕಂಡರೆ ಬೂದಿ ರೋಗ. ಒಳಗಿನ ಒತ್ತೊತ್ತಾದ ಕವಲು ತೆಗೆದು ಗಾಳಿ ಬಿಡುವುದು ಮೊದಲ ಮದ್ದು. ಇದಕ್ಕೆ ಗಂಧಕ ಸಿಂಪಡಿಸುವವರು ಬಿಸಿಲೇರಿದಾಗ ಸಿಂಪಡಿಸಬಾರದು, ಈ ಜಾತಿಯ ಎಲೆಗಳು ಗಂಧಕಕ್ಕೆ ಬೇಗ ಸುಡುತ್ತವೆ. ನರಗಳ ನಡುವೆ ಮೂಲೆ ಮೂಲೆಯಾದ ಹಳದಿ ಚುಕ್ಕೆಗಳು ಕಂಡರೆ ಬೂಜು ರೋಗದ ಸೂಚನೆ. ಎಲೆ ಒದ್ದೆಯಾಗದಂತೆ ಬುಡಕ್ಕಷ್ಟೇ ನೀರು ಹಾಕಬೇಕು.

ಕುಡಿ ಮುದುಡಿ, ಎಲೆ ಸಣ್ಣದಾಗಿ, ಹಸಿರು-ಹಳದಿ ಮಚ್ಚೆಗಳಿಂದ ಉಬ್ಬುತಗ್ಗಾಗಿದ್ದರೆ ಅದು ನಂಜು ರೋಗ. ಅದಕ್ಕೆ ಮದ್ದಿಲ್ಲ. ಚಿವುಟಿದರೆ ಸರಿಹೋದೀತೆಂದು ಆ ಕುಡಿಗೆ ಮುಟ್ಟಿದ ಕೈಯಲ್ಲಿ ಪಕ್ಕದ ಗಿಡ ಮುಟ್ಟದೆ, ಇಡೀ ಬಳ್ಳಿಯನ್ನು ಬುಡಸಮೇತ ತೆಗೆದು, ಕೈ ಕತ್ತರಿ ಎರಡನ್ನೂ ಸೋಪಿನಲ್ಲಿ ತೊಳೆದುಕೊಂಡ ಮೇಲೆಯೇ ಉಳಿದ ಗಿಡಗಳ ಕಡೆಗೆ ಹೋಗಬೇಕು.